ಮನೆಯವರ ಪರವಾಗಿ ಮಾತ್ರೆ ಕೇಳಲು ಬರುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಹೆಂಡತಿಗೆಂದು ನಿದ್ದೆ ಮಾತ್ರೆ ಕೇಳುವ ಗಂಡಂದಿರು, ಕಾಲೇಜು ಬಿಟ್ಟು ಕೋಣೆ ಸೇರಿದ ಮಗನಿಗೆ ಶಕ್ತಿಯ ಟಾನಿಕ್ ಕೇಳುವ ತಂದೆಯರು, ಬಾಣಂತಿ ಸೊಸೆ ಊಟ ಬಿಟ್ಟಿದ್ದಾಳೆಂದು ಹಸಿವಿನ ಸಿರಪ್ ಕೇಳುವ ಅತ್ತೆಯರು, ಎಲ್ಲರೂ ನನ್ನ ಅಂಗಡಿಯ ಕೌಂಟರಿನ ಮುಂದೆ ನಿಂತು ಮಾತನಾಡುತ್ತೀರಿ. ಹಿಂದೆ ಇನ್ನಷ್ಟು ಜನ ಕಾಯುತ್ತಿರುತ್ತಾರೆ. ಆ ಗದ್ದಲದಲ್ಲಿ ಹೇಳಬೇಕಾದ್ದನ್ನು ಹೇಳಲು ನನಗೆ ಆಗುವುದಿಲ್ಲ, ನಾಲ್ಕು ಜನರ ನಡುವೆ ಕೇಳಿಸಿಕೊಳ್ಳಲು ನಿಮಗೂ ಸಂಕೋಚ. ಅದಕ್ಕೇ ಈ ಪತ್ರ, ಖಿನ್ನತೆ ಎಂಬ ಕಾಯಿಲೆಯ ಕುರಿತು. ಅಡಿಕೆ ಸೀಮೆಯ ತಾಲ್ಲೂಕು ಕೇಂದ್ರವೊಂದರಲ್ಲಿ ಬಹಳ ವರ್ಷಗಳಿಂದ ಔಷಧ ಅಂಗಡಿ ನಡೆಸಿಕೊಂಡು ಬಂದವನು ನಾನು. ಓದಿದ್ದು ಡಿ.ಫಾರ್ಮಾ, ವೈದ್ಯನಲ್ಲ. ನಿಮ್ಮ ಮನೆಯವರಿಗೆ ಏನಾಗಿದೆ ಎಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ಅದನ್ನು ಹೇಳಬಲ್ಲವರ ಮುಂದೆ ಅವರನ್ನು ಕರೆದುಕೊಂಡು ಹೋಗಿ ಕೂರಿಸಿ ಎಂದು ನಿಮ್ಮನ್ನು ಬೇಡಿಕೊಳ್ಳಬಲ್ಲೆ.

ಕಳೆದ ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ಹಳ್ಳಿಯ ಯಜಮಾನರೊಬ್ಬರು ಬಂದು ಜೇಬಿನಿಂದ ಖಾಲಿ ಸ್ಟ್ರಿಪ್ ಒಂದನ್ನು ತೆಗೆದು ಗಾಜಿನ ಮೇಲಿಟ್ಟರು. ಮಡಚಿ ಮಡಚಿ ಅಕ್ಷರ ಮಾಸಿತ್ತು. ಅಲ್ಪ್ರಜೋಲಾಂ ಎಂದು ಓದಲು ಬೆಳಕಿಗೆ ಹಿಡಿಯಬೇಕಾಯಿತು. ವೈದ್ಯರ ಚೀಟಿ ಇರಲಿಲ್ಲ. ಪಕ್ಕದ ಮನೆಯವರಿಗೆ ಬರೆದುಕೊಟ್ಟ ಮಾತ್ರೆಯಂತೆ, ಅದನ್ನು ನುಂಗಿದ ರಾತ್ರಿ ಇವರ ಹೆಂಡತಿಗೆ ನಿದ್ದೆ ಬಂತಂತೆ. ಅವರಿಗೆ ಏನಾಗಿದೆ ಎಂದು ಕೇಳಿದೆ. "ಏನೂ ಇಲ್ಲ, ಸುಸ್ತು ಅಷ್ಟೆ" ಎಂದರು. ಜನ ಕರಗಿದ ಮೇಲೆ ಒಂದೊಂದಾಗಿ ಹೊರಬಂತು. ಗೌರಿ ಹಬ್ಬದಿಂದಲೂ ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗಿ ಹಾಸಿಗೆಯ ಮೇಲೆ ಕೂತಿರುತ್ತಾರೆ. ಕರು ಹಾಕಿದ ಹಸುವಿನ ಹತ್ತಿರವೂ ಸುಳಿಯುತ್ತಿಲ್ಲ. ತವರಿನಿಂದ ತಮ್ಮ ಬಂದರೂ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ರವಿಕೆ ಸಡಿಲವಾಗುವಷ್ಟು ಇಳಿದುಹೋಗಿದ್ದಾರೆ. "ನನ್ನಿಂದ ನಿಮಗೆಲ್ಲ ತೊಂದರೆ" ಎಂದು ಆಗಾಗ ಹೇಳುತ್ತಾರೆ. ಇಷ್ಟು ದಿನಗಳಲ್ಲಿ ಸುಸ್ತಿಗೆ ಬಿ ಕಾಂಪ್ಲೆಕ್ಸ್, ಎದೆಯುರಿಗೆ ಗ್ಯಾಸಿನ ಮಾತ್ರೆ, ಮೈಕೈ ನೋವಿಗೆ ಮುಲಾಮು, ಕೊನೆಗೆ ಒಂದು ತಾಯಿತ, ಎಲ್ಲವೂ ಆ ಮನೆಗೆ ಹೋಗಿದ್ದವು. ಆಕೆ ಮಾತ್ರ ಯಾವ ವೈದ್ಯರ ಮುಂದೆಯೂ ಕೂತಿರಲಿಲ್ಲ.

ನಾನು ಆ ಮಾತ್ರೆ ಕೊಡಲಿಲ್ಲ. ಅವರು ಬೇಸರ ಮಾಡಿಕೊಂಡರು. ಅಲ್ಪ್ರಜೋಲಾಂ, ಡಯಾಜೆಪಾಂ, ಜೋಲ್ಪಿಡೆಂ ಮುಂತಾದವು 2014ರ ಮಾರ್ಚ್‌ನಿಂದ ಎಚ್1 ಎಂಬ ಪಟ್ಟಿಯಲ್ಲಿವೆ. ವೈದ್ಯರ ಚೀಟಿಯಿಲ್ಲದೆ ಅವುಗಳನ್ನು ಮಾರುವಂತಿಲ್ಲ. ಬರೆದವರು ಯಾರು, ಯಾರಿಗೆ, ಎಷ್ಟು ಎಂಬುದನ್ನು ಪ್ರತ್ಯೇಕ ವಹಿಯಲ್ಲಿ ದಾಖಲಿಸಿ ಮೂರು ವರ್ಷ ಕಾಪಾಡಬೇಕು. ಇದು ಬರೀ ಕಾಗದಪತ್ರದ ಕಾಟ ಎಂದು ನೀವು ಅಂದುಕೊಳ್ಳಬಾರದು. ಈ ಮಾತ್ರೆಗಳು ನಿದ್ದೆ ಬರಿಸುತ್ತವೆ, ನಿಜ. ಆದರೆ ಆ ತಾಯಿಯನ್ನು ಮೂರು ಗಂಟೆಗೆ ಎಬ್ಬಿಸುತ್ತಿರುವ ಕಾಯಿಲೆಯನ್ನು ಅವು ಮುಟ್ಟುವುದೂ ಇಲ್ಲ. ಕೆಲವೇ ವಾರಗಳಲ್ಲಿ ದೇಹ ಅವುಗಳಿಗೆ ಒಗ್ಗಿಹೋಗುತ್ತದೆ, ಒಂದು ಸಾಲದೆ ಎರಡು ಬೇಕಾಗುತ್ತದೆ. ತಿಂಗಳುಗಟ್ಟಲೆ ನುಂಗಿ ತಟ್ಟನೆ ನಿಲ್ಲಿಸಿದರೆ ಕೈನಡುಕ, ಮೊದಲಿಗಿಂತ ಹೆಚ್ಚಿನ ನಿದ್ರಾಹೀನತೆ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ವೈದ್ಯರು ಬರೆದರೂ ಅಲ್ಪಾವಧಿಗೆ ಬರೆಯುವುದು ಇದಕ್ಕೇ.

ಖಿನ್ನತೆ ಎಂದರೆ ಮೂಲೆಯಲ್ಲಿ ಅಳುತ್ತಾ ಕೂರುವುದು ಎಂಬ ಕಲ್ಪನೆ ನಮ್ಮಲ್ಲಿ ಬಲವಾಗಿದೆ. ನನ್ನ ಕೌಂಟರಿಗೆ ಅದು ಬರುವುದು ತಲೆಭಾರ, ಹೊಟ್ಟೆಯುಬ್ಬರ, ಮೈಯುರಿ, ಸೊಂಟನೋವು, ನಿಶ್ಶಕ್ತಿ ಎಂಬ ಹೆಸರುಗಳಲ್ಲಿ. ಗಂಡಸರಲ್ಲಿ ಎಷ್ಟೋ ಸಲ ಸಿಡುಕಾಗಿ, ಸಂಜೆಯ ಕುಡಿತವಾಗಿ ಕಾಣಿಸಿಕೊಳ್ಳುತ್ತದೆ. ವಯಸ್ಸಾದವರಲ್ಲಿ ಮರೆವಿನ ರೂಪ ತಾಳುತ್ತದೆ. "ಅರವತ್ತು ದಾಟಿತಲ್ಲ, ಅರಳುಮರಳು" ಎಂದು ನೀವು ಕೈಬಿಟ್ಟ ಅಜ್ಜನ ಮಂಕುತನಕ್ಕೆ ಖಿನ್ನತೆ ಕಾರಣವಿದ್ದು, ಚಿಕಿತ್ಸೆಯಿಂದ ಅದು ತಿಳಿಯಾಗಲೂಬಹುದು. ಹೆರಿಗೆಯಾದ ಮೊದಲ ದಿನಗಳಲ್ಲಿ ಕಾರಣವಿಲ್ಲದೆ ಕಣ್ಣೀರು ಬರುವುದು ಬಹಳಷ್ಟು ಬಾಣಂತಿಯರಿಗೆ ಸಹಜ, ಸಾಮಾನ್ಯವಾಗಿ ಎರಡು ವಾರದೊಳಗೆ ತಾನಾಗಿ ಕಳೆಯುತ್ತದೆ. ಅದಾದ ಮೇಲೂ ಮಗುವನ್ನು ಎತ್ತಿಕೊಳ್ಳಲು ಮನಸ್ಸಿಲ್ಲದಿದ್ದರೆ, ಮಗು ಮಲಗಿದಾಗಲೂ ತಾಯಿಗೆ ನಿದ್ದೆ ಬಾರದಿದ್ದರೆ, ದಯವಿಟ್ಟು ಬಾಣಂತನದ ಪಥ್ಯವನ್ನು ಬಿಗಿ ಮಾಡುತ್ತಾ ಕೂರಬೇಡಿ. ಆಶಾ ಕಾರ್ಯಕರ್ತೆಗೆ ಹೇಳಿ, ವೈದ್ಯರ ಹತ್ತಿರ ಕರೆದೊಯ್ಯಿರಿ.

ವೈದ್ಯರು ಮುಖ್ಯವಾಗಿ ನೋಡುವ ಲಕ್ಷಣಗಳು ಒಂಬತ್ತು. ಮನಸ್ಸು ಸದಾ ಕುಗ್ಗಿರುವುದು, ಮೊದಲು ಇಷ್ಟವಾಗುತ್ತಿದ್ದ ಯಾವುದರಲ್ಲೂ ಆಸಕ್ತಿ ಉಳಿಯದಿರುವುದು, ನಿದ್ದೆ ಕೆಡುವುದು ಅಥವಾ ಅತಿಯಾಗುವುದು, ಹಸಿವು, ತೂಕದಲ್ಲಿ ಏರುಪೇರು, ಸುಸ್ತು, ನಾನು ಯಾವುದಕ್ಕೂ ಬಾರದವಳು, ಎಲ್ಲ ನನ್ನದೇ ತಪ್ಪು ಎಂಬ ಕೊರಗು, ಏಕಾಗ್ರತೆ ತಪ್ಪುವುದು, ನಡೆ-ನುಡಿ ಇತರರಿಗೆ ಕಾಣುವಷ್ಟು ನಿಧಾನವಾಗುವುದು ಅಥವಾ ಒಂದೆಡೆ ನಿಲ್ಲಲಾಗದ ಚಡಪಡಿಕೆ, ಸಾವಿನ ಯೋಚನೆ. ಇವುಗಳಲ್ಲಿ ಐದಾದರೂ, ಅದರಲ್ಲಿ ಮೊದಲೆರಡರ ಪೈಕಿ ಒಂದಾದರೂ ಸೇರಿ, ಎರಡು ವಾರ ಹೆಚ್ಚುಕಡಿಮೆ ಪ್ರತಿದಿನ ಇದ್ದು ದಿನದ ಕೆಲಸ ಕೆಟ್ಟಿದ್ದರೆ ವೈದ್ಯರು ಖಿನ್ನತೆ ಎಂದು ಪರಿಗಣಿಸುತ್ತಾರೆ. ಹಾಗೆಂದು ನೀವು ಮನೆಯಲ್ಲಿ ಬೆರಳು ಮಡಚಿ ಲೆಕ್ಕ ಹಾಕಿ ತೀರ್ಪು ಕೊಡಬೇಡಿ. ಕೊಳೆರೋಗಕ್ಕೆ ತೋಟ ಹೋದಾಗ, ಹೆತ್ತವರು ತೀರಿಕೊಂಡಾಗ ಯಾರಿಗೆ ತಾನೇ ಊಟ ಸೇರುತ್ತದೆ? ಎಲ್ಲ ದುಃಖವೂ ರೋಗವಲ್ಲ. ಯಾವುದು ದುಃಖ, ಯಾವುದು ರೋಗ ಎಂದು ಬಿಡಿಸಿ ಹೇಳಲು ಕಲಿತವರಿದ್ದಾರೆ. ನಾನು ಹೇಳುತ್ತಿರುವುದು ಇಷ್ಟೇ, ಅವರಿಗೆ ಆ ಅವಕಾಶ ಕೊಡಿ.

ಈ ಪತ್ರವನ್ನು ಕಾಯಿಲೆ ಇರುವವರಿಗೆ ಬರೆಯದೆ ನಿಮಗೇಕೆ ಬರೆಯುತ್ತಿದ್ದೇನೆ ಎಂದು ನಿಮಗೆ ಅನ್ನಿಸಬಹುದು. ನಮ್ಮ ಮನೆಗಳಲ್ಲಿ ಯಾರು ಯಾವಾಗ ಆಸ್ಪತ್ರೆಗೆ ಹೋಗಬೇಕು, ಅದಕ್ಕೆ ಎಷ್ಟು ಖರ್ಚು ಮಾಡಬೇಕು ಎಂದು ತೀರ್ಮಾನಿಸುವವರು ನೀವು. ಅದರ ಮೇಲೆ ಈ ಕಾಯಿಲೆಯ ಗುಣವೇ ಹಾಗಿದೆ. ಎದ್ದು ಸ್ನಾನ ಮಾಡುವುದೇ ಬೆಟ್ಟ ಹತ್ತಿದಂತಾಗಿರುವ ಜೀವ ಬಸ್ ಹಿಡಿದು, ಸರದಿಯಲ್ಲಿ ನಿಂತು, ಅಪರಿಚಿತ ವೈದ್ಯರ ಮುಂದೆ ಬಾಯಿ ಬಿಡುವುದುಂಟೇ? ತನಗೆ ಗುಣವಾಗುತ್ತದೆ ಎಂಬ ನಂಬಿಕೆಯನ್ನೇ ಈ ರೋಗ ಮೊದಲು ಕಿತ್ತುಕೊಳ್ಳುತ್ತದೆ. ಅಂಥವರನ್ನು "ಮನಸ್ಸು ಗಟ್ಟಿ ಮಾಡಿಕೋ", "ನಿನಗೇನು ಕಡಿಮೆಯಾಗಿದೆ" ಎಂದು ಗದರುವುದು ಕ್ರೌರ್ಯ. ಕಟುವಾದ ಮಾತು ಎನ್ನಿಸಿದರೆ ಕ್ಷಮಿಸಿ. ಆದರೆ ಹಾಗೆ ಗದರಿಸಿಕೊಂಡವರು ತಲೆ ತಗ್ಗಿಸಿ ನಿಮ್ಮ ಹಿಂದೆ ನಿಂತಿದ್ದನ್ನು ನಾನು ಕೌಂಟರಿನ ಈಚೆಯಿಂದ ಕಂಡಿದ್ದೇನೆ.

ಇದು ಒಂದೆರಡು ಮನೆಗಳ ಕಥೆಯಲ್ಲ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಸುಮಾರು 20 ವಯಸ್ಕರಲ್ಲಿ ಒಬ್ಬರು ಬದುಕಿನ ಯಾವುದಾದರೂ ಹಂತದಲ್ಲಿ ಖಿನ್ನತೆಗೆ ಒಳಗಾಗಿದ್ದರು. ಅವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಗುಣಪಡಿಸಬಲ್ಲ ಔಷಧ ನನ್ನ ಕಪಾಟಿನಲ್ಲೇ ಇರುತ್ತದೆ, ಬೇಕಾದವರು ಎರಡು ಬೀದಿ ಆಚೆ ಇರುತ್ತಾರೆ, ನಡುವೆ ಇರಬೇಕಾದ ಒಂದು ಚೀಟಿ ಇರುವುದಿಲ್ಲ. ಈ ಕೆಲಸದಲ್ಲಿ ನನ್ನನ್ನು ಅತ್ಯಂತ ಹೆಚ್ಚು ನೋಯಿಸುವುದು ಇದೇ.

ವೈದ್ಯರ ಬಳಿ ಹೋದರೆ ಏನಾಗುತ್ತದೆ ಎಂಬ ಭಯ ನಿಮ್ಮಲ್ಲಿ ಹಲವರಿಗಿದೆ, ಆದ್ದರಿಂದ ವಿವರವಾಗಿಯೇ ಹೇಳುತ್ತೇನೆ. ವೈದ್ಯರು ಮೊದಲು ಮಾತನಾಡಿಸುತ್ತಾರೆ. ಯಾವಾಗಿನಿಂದ ಹೀಗೆ, ನಿದ್ದೆ ಹೇಗೆ, ಕುಡಿತ ಇದೆಯೇ, ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ವಂಶದಲ್ಲಿ ಯಾರಿಗಾದರೂ ಹೀಗಾಗಿತ್ತೇ ಎಂದು ಕೇಳುತ್ತಾರೆ. ರಕ್ತ ಪರೀಕ್ಷೆಗೆ ಬರೆಯಬಹುದು. ಥೈರಾಯ್ಡ್ ಕಡಿಮೆಯಾದರೂ, ರಕ್ತಹೀನತೆಯಿದ್ದರೂ, ಬಿ12 ಕೊರತೆಯಿದ್ದರೂ ಮನುಷ್ಯ ಇದೇ ರೀತಿ ಸೋತುಹೋಗುತ್ತಾನೆ. ಅಂಥದ್ದಿದ್ದರೆ ಮೊದಲು ಅದಕ್ಕೆ ಚಿಕಿತ್ಸೆಯಾಗಬೇಕು. ಇನ್ನೊಂದು ಪ್ರಶ್ನೆ ಬಹಳ ಮುಖ್ಯವಾದದ್ದು. ಹಿಂದೆ ಎಂದಾದರೂ ಇದಕ್ಕೆ ತದ್ವಿರುದ್ಧವಾಗಿ, ದಿನಗಟ್ಟಲೆ ನಿದ್ದೆಯೇ ಬೇಡವೆಂಬಷ್ಟು ಉತ್ಸಾಹ, ಅತಿಯಾದ ಮಾತು, ಮಿತಿಯಿಲ್ಲದ ಖರ್ಚು ಇತ್ತೇ? ಇದ್ದರೆ ಮುಚ್ಚಿಡದೆ ಹೇಳಿ. ಅದು ಬೈಪೋಲಾರ್ ಎಂಬ ಬೇರೆಯೇ ಕಾಯಿಲೆ ಇರಬಹುದು. ಅಂಥವರಿಗೆ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಮನಸ್ಸು ಹಿಡಿತ ತಪ್ಪಿ ಇನ್ನೊಂದು ತುದಿಗೆ ಹಾರುವ ಅಪಾಯವಿದೆ. ನೆಂಟರಿಗೆ ವಾಸಿಯಾಯಿತೆಂದು ಅವರ ಮಾತ್ರೆಯ ಹೆಸರು ಹೇಳಿ ನನ್ನನ್ನು ಕೇಳಬೇಡಿ ಎನ್ನುವುದು ಇದಕ್ಕಾಗಿಯೇ.

ಜನಜಂಗುಳಿಯ ಹೊರರೋಗಿ ವಿಭಾಗದಲ್ಲಿ ವೈದ್ಯರಿಗೆ ಸಿಗುವ ಸಮಯ ಕಡಿಮೆ. ನೀವು "ಸುಸ್ತು" ಎಂದಷ್ಟೇ ಹೇಳಿದರೆ ಸುಸ್ತಿನ ಮಾತ್ರೆ ಬರೆದು ಕಳುಹಿಸುವ ಸಂಭವವೂ ಇದೆ. ಹಿಂದಿನ ರಾತ್ರಿಯೇ ಒಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ: ಎಂದಿನಿಂದ, ಎಷ್ಟು ಗಂಟೆಗೆ ಎಚ್ಚರವಾಗುತ್ತದೆ, ಯಾವ ಕೆಲಸಗಳನ್ನು ಬಿಟ್ಟಿದ್ದಾರೆ, ಏನೆಂದು ಹೇಳಿಕೊಳ್ಳುತ್ತಾರೆ. ಹಳೆಯ ಚೀಟಿಗಳು, ಖಾಲಿ ಸ್ಟ್ರಿಪ್‌ಗಳನ್ನೂ ಒಯ್ಯಿರಿ. ರೋಗಿ ವೈದ್ಯರೊಡನೆ ಒಬ್ಬರೇ ಮಾತನಾಡಲು ಬಯಸಿದರೆ ನೀವು ಹೊರಗೆ ಕೂತಿರಿ. ಸೊಸೆಯಂದಿರ ವಿಷಯದಲ್ಲಿ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ. ಖಿನ್ನತೆ ಸೌಮ್ಯವಾಗಿದ್ದರೆ ಆಪ್ತಸಮಾಲೋಚನೆಯೇ ಸಾಕಾಗಬಹುದು. ತೀವ್ರವಾಗಿದ್ದರೆ ಸಾಮಾನ್ಯವಾಗಿ ಮಾತ್ರೆಯೂ ಬೇಕು, ಸಮಾಲೋಚನೆಯೂ ಬೇಕು. "ಮಾತನಾಡಿದರೆ ಕಾಯಿಲೆ ವಾಸಿಯಾಗುತ್ತದೆಯೇ" ಎಂದು ಅನುಮಾನಿಸುವವರಿಗೆ ಪಕ್ಕದ ಗೋವಾದ ಉದಾಹರಣೆಯಿದೆ. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮನೋವೈದ್ಯ ಡಾ. ವಿಕ್ರಮ್ ಪಟೇಲ್ ಮತ್ತು ಸಂಗಾತ್ ಸಂಸ್ಥೆಯವರು ತರಬೇತಿ ಪಡೆದ ಸಾಮಾನ್ಯ ಜನರಿಂದಲೇ ಆರರಿಂದ ಎಂಟು ಭೇಟಿಗಳ ಸಮಾಲೋಚನೆ ಕೊಡಿಸಿ ನೋಡಿದರು. ಬಿಟ್ಟುಹೋದ ಸಣ್ಣಪುಟ್ಟ ಕೆಲಸಗಳನ್ನು ಒಂದೊಂದಾಗಿ ಮತ್ತೆ ಕೈಗೆತ್ತಿಕೊಳ್ಳುವಂತೆ ಮಾಡುವುದು ಅದರ ತಿರುಳು. ಮಾಮೂಲಿ ಆರೈಕೆಗಿಂತ ಹೆಚ್ಚು ಜನ ಅದರಿಂದ ಚೇತರಿಸಿಕೊಂಡರು.

ಈಗ ನನ್ನ ಕಸುಬಿನ ಮಾತಿಗೆ ಬರುತ್ತೇನೆ. ಎಸಿಟಲೋಪ್ರಾಂ, ಸರ್ಟ್ರಾಲಿನ್, ಫ್ಲೂಯೋಕ್ಸೆಟಿನ್ ಇವು ಸಾಮಾನ್ಯವಾಗಿ ಬರೆಯುವ ಮಾತ್ರೆಗಳು. ಇವು ನಿದ್ದೆ ಮಾತ್ರೆಗಳಲ್ಲ, ಅವುಗಳಂತೆ ಚಟ ಹಿಡಿಸುವುದೂ ಇಲ್ಲ. ನುಂಗಿದ ದಿನವೇ ಕೆಲಸ ಕಾಣಿಸುವುದಿಲ್ಲ. ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಹೆಚ್ಚು ಸಮಯ ಬೇಕು. ತೊಡಕು ಇಲ್ಲೇ ಇದೆ. ಗುಣ ಕಾಣುವ ಮುನ್ನವೇ ಹೊಟ್ಟೆ ತೊಳಸುವುದು, ತಲೆನೋವು, ತುಸು ಚಡಪಡಿಕೆ ಕಾಣಿಸಿಕೊಳ್ಳಬಹುದು. ಮೊದಲ ವಾರದಲ್ಲೇ "ಈ ಮಾತ್ರೆ ಆಗಿಬರಲಿಲ್ಲ" ಎಂದು ನಿಲ್ಲಿಸುವವರು ಬಹಳ. ಆ ತೊಂದರೆಗಳು ಹೆಚ್ಚಿನವರಿಗೆ ಕೆಲವು ದಿನಗಳಲ್ಲಿ ಕಡಿಮೆಯಾಗುತ್ತವೆ. ಕಡಿಮೆಯಾಗದಿದ್ದರೆ ಬರೆದುಕೊಟ್ಟ ವೈದ್ಯರಿಗೆ ತಿಳಿಸಿ, ಪ್ರಮಾಣವನ್ನೋ ಮಾತ್ರೆಯನ್ನೋ ಬದಲಿಸುತ್ತಾರೆ. ಹದಿಹರೆಯದವರಲ್ಲಿ, ಇಪ್ಪತ್ತೈದರೊಳಗಿನವರಲ್ಲಿ ಆರಂಭದ ವಾರಗಳಲ್ಲಿ ಸಾವಿನ ಯೋಚನೆ ಹೆಚ್ಚಾಗುವ ಸಾಧ್ಯತೆ ಇರುವುದರಿಂದ ಅವರ ಮೇಲೆ ವಿಶೇಷ ಗಮನವಿರಲಿ, ಹಾಗೇನಾದರೂ ಕಂಡರೆ ಅಂದೇ ವೈದ್ಯರನ್ನು ಕಾಣಿ.

ಎರಡನೆಯ ತೊಡಕು ಗುಣವಾದ ಮೇಲೆ ಬರುತ್ತದೆ. ಮುಖದಲ್ಲಿ ಗೆಲುವು ಬಂತು, ತೋಟಕ್ಕೆ ಹೋಗತೊಡಗಿದರು, ಇನ್ನೇಕೆ ಮಾತ್ರೆ ಎಂದು ಮನೆಯವರೇ ನಿಲ್ಲಿಸಿಬಿಡುತ್ತೀರಿ. ಪೂರ್ತಿ ಚೇತರಿಸಿಕೊಂಡ ಮೇಲೂ ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು ಮುಂದುವರಿಸಬೇಕು. ಇಲ್ಲವಾದರೆ ಕಾಯಿಲೆ ಮರುಕಳಿಸುವ ಸಂಭವ ಹೆಚ್ಚು. ನಿಲ್ಲಿಸುವಾಗಲೂ ವೈದ್ಯರು ಹೇಳಿದಂತೆ ಸ್ವಲ್ಪಸ್ವಲ್ಪವಾಗಿ ಇಳಿಸಬೇಕು. ಖರ್ಚಿನ ಚಿಂತೆಯಿದ್ದರೆ ಮುಚ್ಚುಮರೆಯಿಲ್ಲದೆ ಹೇಳಿ. ಜೆನೆರಿಕ್ ರೂಪದಲ್ಲಿ ಇವು ಕಡಿಮೆ ಬೆಲೆಗೆ ಸಿಗುತ್ತವೆ, ಜನೌಷಧಿ ಕೇಂದ್ರಗಳಲ್ಲಿ ವಿಚಾರಿಸಬಹುದು. ನನ್ನ ಅಂಗಡಿಯಲ್ಲೇ ಕೊಳ್ಳಿ ಎಂದು ನಾನು ಎಂದೂ ಹೇಳಿದವನಲ್ಲ.

ನೀವು ಹೇಳುವ ಅಡ್ಡಿಗಳೂ ನನಗೆ ಗೊತ್ತು. "ದೇವರ ಹತ್ತಿರ ಕೇಳಿಸಿದ್ದೇವೆ" ಎನ್ನುತ್ತೀರಿ. ಕೇಳಿಸಿ, ಹರಕೆ ಹೊರಿ, ಅದು ನಿಮ್ಮ ಮನಸ್ಸಿಗೆ ಬಲ ಕೊಡುತ್ತದೆ. ಮಂತ್ರಿಸಿದ ನಿಂಬೆಹಣ್ಣಿಗೂ ವೈದ್ಯರ ಚೀಟಿಗೂ ಜಗಳವಿಲ್ಲ. ಆದರೆ ಒಂದಕ್ಕಾಗಿ ಇನ್ನೊಂದನ್ನು ಮುಂದೂಡಬೇಡಿ. "ಮದುವೆ ಮಾಡಿದರೆ ಸರಿಹೋಗುತ್ತದೆ" ಎನ್ನುವುದಕ್ಕೆ ಮಾತ್ರ ನನ್ನ ಸಮ್ಮತಿಯಿಲ್ಲ. ಮದುವೆ ಯಾವ ಕಾಯಿಲೆಗೂ ಔಷಧವಲ್ಲ, ಇನ್ನೊಂದು ಮನೆಯ ಮಗಳನ್ನೋ ಮಗನನ್ನೋ ವಿಷಯ ಮುಚ್ಚಿಟ್ಟು ಇದಕ್ಕೆ ಎಳೆತರುವುದು ಅನ್ಯಾಯ. "ಕರೆಂಟ್ ಕೊಡುತ್ತಾರಂತೆ" ಎಂಬ ಭಯವೂ ಇದೆ. ಆ ಚಿಕಿತ್ಸೆ ಬೇಕಾಗುವುದು ತೀರಾ ಉಲ್ಬಣಿಸಿದ ಕೆಲವರಿಗೆ ಮಾತ್ರ, ಅಂಥವರಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅರಿವಳಿಕೆಯಿಲ್ಲದೆ ಅದನ್ನು ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ.

ದೂರ ಹೋಗಬೇಕೆಂಬ ಅಳುಕು ಬೇಡ. ದೊಡ್ಡ ನಗರದ ದೊಡ್ಡ ಆಸ್ಪತ್ರೆಯಲ್ಲದೆ ಇದಕ್ಕೆ ಗತಿಯಿಲ್ಲ ಎಂಬ ಮಾತು ಸುಳ್ಳೆಂದು ನಮ್ಮ ರಾಜ್ಯದಲ್ಲೇ ಸಾಬೀತಾಗಿದೆ. ನಿಮ್ಹಾನ್ಸ್‌ನವರು 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮಾನಸಿಕ ಕಾಯಿಲೆಗಳಿಗೆ ಊರಿನ ಹತ್ತಿರವೇ ಚಿಕಿತ್ಸೆ ದೊರೆಯುವಂತೆ ಮಾಡಿದರು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಈಗ ಜಿಲ್ಲಾಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋವೈದ್ಯಕೀಯ ಶಿಬಿರಗಳು ನಡೆಯುತ್ತವೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ ಎಂದು ಮೊದಲೇ ವಿಚಾರಿಸಿ ಹೋಗಿ. ಕಾಯಿಲೆ ಜಟಿಲವಾಗಿದ್ದರೆ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇವೆ. ಹೊರಡುವ ಮೊದಲು ಯಾರೊಡನೆಯಾದರೂ ಮಾತನಾಡಬೇಕೆನ್ನಿಸಿದರೆ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ ಅದು. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಕೊನೆಯದಾಗಿ, ಹೇಳಲು ಕಷ್ಟವಾದರೂ ಬಿಡಬಾರದ ಮಾತು. 2022ರಲ್ಲಿ ಕರ್ನಾಟಕದಲ್ಲಿ 13,606 ಮಂದಿ ಆತ್ಮಹತ್ಯೆಯಿಂದ ಸತ್ತರು ಎನ್ನುತ್ತದೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ. ಎಲ್ಲಕ್ಕೂ ಖಿನ್ನತೆಯೇ ಕಾರಣವಲ್ಲ. ಸಾಲ, ಕುಡಿತ, ಮನೆಯ ಕಲಹ ಎಲ್ಲವೂ ಸೇರಿರುತ್ತವೆ. ಆದರೆ "ನನ್ನಿಂದ ನಿಮಗೆಲ್ಲ ತೊಂದರೆ", "ನಾನಿಲ್ಲದಿದ್ದರೆ ಚೆನ್ನ" ಎಂಬ ಮಾತು ಮನೆಯಲ್ಲಿ ಕೇಳಿಬಂದರೆ ಅದನ್ನು ಬೆದರಿಕೆಯೆಂದು ತಳ್ಳಿಹಾಕಬೇಡಿ. ಸಾಯಬೇಕೆಂದು ಅನ್ನಿಸುತ್ತಿದೆಯೇ ಎಂದು ನೇರವಾಗಿ, ಮೆಲ್ಲಗೆ ಕೇಳಿ. ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ; ಎಷ್ಟೋ ಜನರಿಗೆ ಯಾರಾದರೂ ಕೇಳಿದರಲ್ಲ ಎಂದು ಮನಸ್ಸು ಹಗುರಾಗುತ್ತದೆ. ಹೌದು ಎಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ, ತೋಟದ ಔಷಧಿಯನ್ನೂ ಮನೆಯ ಮಾತ್ರೆಗಳನ್ನೂ ಬೀಗ ಹಾಕಿ ಬೇರೆಡೆ ಇಡಿ, ಮಂಗಳವಾರಕ್ಕೆ ಕಾಯದೆ ಆ ಕ್ಷಣವೇ ಹತ್ತಿರದ ಆಸ್ಪತ್ರೆಗೆ ಹೋಗಿ. ಹಿಂದೊಮ್ಮೆ ಪ್ರಯತ್ನಿಸಿ ಬದುಕುಳಿದವರಿದ್ದರೆ ಪೊಲೀಸ್ ಕೇಸಿಗೆ ಅಂಜಿ ವೈದ್ಯರಿಂದ ಮುಚ್ಚಿಡಬೇಡಿ. ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ, ಶಿಕ್ಷಿಸದೆ ಆರೈಕೆ ಕೊಡಬೇಕೆಂದು 2017ರ ಕಾಯ್ದೆ ಹೇಳುತ್ತದೆ.

ಆ ಯಜಮಾನರು ಹೆಂಡತಿಯನ್ನು ಕರೆದುಕೊಂಡು ಹೋದರೋ ಇಲ್ಲವೋ ನನಗೆ ತಿಳಿದಿಲ್ಲ. ಅವರು ಮತ್ತೆ ನನ್ನ ಅಂಗಡಿಗೆ ಬಂದಿಲ್ಲ. ಈ ಪತ್ರ ಅವರ ಕಣ್ಣಿಗೆ ಬಿದ್ದರೆ, ಇನ್ನೂ ಹೋಗಿಲ್ಲವಾದರೆ, ನಾಳೆಯೇ ಹೊರಡಿ ಎಂದು ಕೇಳಿಕೊಳ್ಳುತ್ತೇನೆ. ಉಳಿದವರಿಗೆ ಹೇಳುವುದಿಷ್ಟು: ನನ್ನ ಅಂಗಡಿಯ ಬಿಲ್ಲಿನ ಹಿಂಬದಿಯಲ್ಲಿ ಇನ್ನು ಮುಂದೆ 14416 ಎಂಬ ಸಂಖ್ಯೆ ಅಚ್ಚಾಗಿರುತ್ತದೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಜನ ಕಡಿಮೆ. ಯಾವ ವೈದ್ಯರು, ಯಾವ ದಿನ, ಎಲ್ಲಿ ಎಂದು ಕೇಳಲು ಆ ಹೊತ್ತಿನಲ್ಲಿ ಬನ್ನಿ. ಏನನ್ನೂ ಕೊಳ್ಳಬೇಕಾಗಿಲ್ಲ.

ಇಂತಿ ನಿಮ್ಮವನು,
ಊರಿನ ಒಬ್ಬ ಔಷಧ ವ್ಯಾಪಾರಿ